ಹತ್ತರಲ್ಲಿ ಒಂದು ಉಳಿದಾಗ

ಒಂಬತ್ತು ಸರ್ವರ್ ಬಂದ್ ಆದರೂ ಶ್ರೀವಿದ್ಯಾಳ ಎದೆ ಹೊಡೆದುಕೊಳ್ಳಲಿಲ್ಲ. ಇವತ್ತು ಬೇಕಂತಲೇ ಬಂದ್ ಮಾಡುವ ಪರೀಕ್ಷೆ; ನಿಜವಾಗಿ ಬಿದ್ದಿದ್ದರೂ ಅವಳು ಹೀಗೇ ಕೂತಿರುತ್ತಿದ್ದಳು. ತಾಯಿ ಸುಂದರಾಬಾಯಿ ತೀರಿಕೊಂಡು ಎಂಟು ತಿಂಗಳು. ಹದಿನಾಲ್ಕನೆಯ ದಿನ ಆಫೀಸಿಗೆ ಬಂದವಳು ಅಳಲೂ ಇಲ್ಲ, ನಗಲೂ ಇಲ್ಲ. ಯಾರು ಏನು ಕೇಳಿದರೂ ಒಂದೇ ಉತ್ತರ: "ನಾ ನೋಡ್ಕೋತೀನಿ, ಬಿಡ್ರಿ."

ಪಕ್ಕದ ಕುರ್ಚಿಯಲ್ಲಿ ಸೂರ್ಯಕಾಂತ. ಹೋದ ವಾರ ನಾಂಪಲ್ಲಿಯ ಎಕ್ಸಿಬಿಷನ್‌ನಲ್ಲಿ, ಅಷ್ಟು ಜನರ ನಡುವೆ, "ನಿಮ್ಮನ್ನ ಮದುವಿ ಆಗಬೇಕಂತೀನ್ರಿ" ಎಂದುಬಿಟ್ಟಿದ್ದ ಪುಣ್ಯಾತ್ಮ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು. ಅವಳು ಮಿರ್ಚಿ ಬಜ್ಜಿ ತಿನ್ನುತ್ತಲೇ ನಿಂತಿದ್ದಳು. ಪುಣೆಯ ವರ್ಗಾವಣೆಗೆ ಅವನು ಇವತ್ತು ಐದರೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಈಗ ಗಂಟೆ ನಾಲ್ಕೂಕಾಲು.

"ಸೈಟ್ ಭಾಳ ನಿಧಾನ ಆಗೇತ್ರಿ," ಎಂದ ಅವನು. "ಬ್ಯಾಕಪ್ ಸರ್ವರ್ ಎಲ್ಲಾ ಸುಮ್ನ ಕುಂತಾವು. ಕೆಲಸ ಹಂಚೋ ಲೋಡ್ ಬ್ಯಾಲೆನ್ಸರ್ ಅವಕ್ಕ ಏನೂ ಕಳಸವಲ್ದು. ಎಷ್ಟು ಉಳದ್ರ ಬ್ಯಾಕಪ್ಪಿಗೆ ಹೊರಳಬೇಕಂತ ಫೇಲ್‌ಓವರ್ ಮಿತಿ ಇಟ್ಟೀರಿ?"

"ಶೂನ್ಯ."

"ಅಂದ್ರ ಹತ್ತೂ ಸಾಯೋತನಕ ಬ್ಯಾಕಪ್ ಬರಂಗಿಲ್ಲ!"

"ಒಂದು ಇನ್ನೂ ನಡದೈತಲ್ರಿ."

"ನಡದೈತಿ. ಹೆಂಗ ನಡದೈತಿ ನೋಡ್ರಿ."

ಪರದೆಯ ಮೇಲೆ ಆ ಒಂದು ಸರ್ವರ್‌ನ ಭಾರ ತೋರಿಸುವ ಗೆರೆ ನೆತ್ತಿಗೇರಿ ನಿಂತಿತ್ತು. ಅವನು ಮಾತ್ರ ನೋಡುತ್ತಿದ್ದದ್ದು ಪರದೆಯನ್ನಲ್ಲ, ಅವಳ ಕಣ್ಣ ಕೆಳಗಿನ ಕಪ್ಪನ್ನು. ಅವಳು ತಿರುಗಿದ ಕೂಡಲೇ ಕಳ್ಳನ ಹಾಗೆ ಕೀಬೋರ್ಡ್ ನೋಡತೊಡಗಿದ.

"ಇರಲಿ, ನಾ ನೋಡ್ಕೋ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮಿತಿಯನ್ನು ಅರ್ಧಕ್ಕೇರಿಸಿದಳು. ಹತ್ತರಲ್ಲಿ ಐದಕ್ಕಿಂತ ಕಡಿಮೆ ಉಳಿದರೆ ಸಾಕು, ಇನ್ನು ಬ್ಯಾಕಪ್ ಭಾರ ಹೊರುತ್ತದೆ. ಸ್ವಲ್ಪ ಹೊತ್ತಿಗೆ ಸೈಟ್ ಸರಾಗವಾಯಿತು.

"ಒಂದು ಮಾತ ಹೇಳ್ತೀನ್ರಿ," ಎಂದಳು. "ನನಗ ಖುಷಿನೂ ಆಗಂಗಿಲ್ಲ, ದುಃಖಾನೂ ಆಗಂಗಿಲ್ಲ. ಅವತ್ತು ನೀವು ಕೇಳಿದಾಗೂ ಏನೂ ಅನಸಲಿಲ್ಲ."

ಅವನ ಮುಖ ಇಳಿಯಿತು. "ಹೋಗ್ಲಿ ಬಿಡ್ರಿ. ಪುಣೆ ಏನ್ ದೂರ ಇಲ್ಲ."

"ನನ್ನ ಮಾತು ಮುಗದಿಲ್ಲ. ನೀವು ಹೋಗ್ತೀರಂತ ಮುಂಜಾನಿಂದ ತುತ್ತು ಗಂಟಲಾಗ ಇಳಿಯವಲ್ದು. ಇದು ಪ್ರೀತಿ ಹೌದೋ ಅಲ್ಲೋ ತಿಳಿಯವಲ್ದು. ಪೂರಾ ಮುರಿದು ಬೀಳೋತನಕ ಕಾಯಾಕ ನನ್ನ ಕೈಲೆ ಆಗಂಗಿಲ್ರಿ. ಹೋಗಬ್ಯಾಡ್ರಿ."

ಅವನು ಪುಣೆಗೆ ಬರಲಾಗುವುದಿಲ್ಲ ಎಂದು ಮೇಲ್ ಬರೆದು, ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. "ಸೆಂಡ್ ನೀವ ಒತ್ರಿ."

ಅವಳು ಒತ್ತಿದಳು.

"ಅವ್ವ ಇರಬೇಕಾಗಿತ್ತು," ಎಂದಳು. ಆಮೇಲೆ, ಎಂಟು ತಿಂಗಳ ನಂತರ, ಆಫೀಸಿನ ನಟ್ಟನಡುವೆ, ಶ್ರೀವಿದ್ಯಾ ಅಳತೊಡಗಿದಳು.