ಮುನ್ನೂರು ಪುಟ ತಿದ್ದಿದ ಜಕ್ಕವ್ವೆ

ಬಹಳ ಕಾಲದ ಹಿಂದೆ, ಏಳು ಬೆಟ್ಟಗಳ ನಡುವೆ ರತ್ನಕೇರಿ ಎಂಬ ರಾಜ್ಯವಿತ್ತು. ಅಲ್ಲಿನ ಔಷಧಶಾಲೆಯ ಬಾಗಿಲಲ್ಲಿ ಒಂದು ಮಾಯಾಗಾಜು, ಗಾಜಿನಲ್ಲಿ ಮುನ್ನೂರು ಜಾಲಪುಟ. ಮೊದಲ ಪುಟದಲ್ಲಿ ಹೆಸರು ಬರೆದು ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತಿತ್ತು.

ಪುಟಗಳನ್ನು ಬರೆದವನು ಕರಾಳಕೇಶನೆಂಬ ಮಾಂತ್ರಿಕ. ನೋಡಲು ಬಲು ಚಂದ. ಆದರೆ ಕಣ್ಣಿಲ್ಲದವರಿಗೆ ಓದಿ ಹೇಳುವ ಗಿಳಿ ಗಾಜಿನ ಮುಂದೆ ಕೂತರೆ, "ಚಿತ್ರ, ಚಿತ್ರ, ಚಿತ್ರ" ಎಂದಷ್ಟೇ ಹೇಳುತ್ತಿತ್ತು.

ಒಂದು ವರ್ಷ ಊರಿಗೆ ಜ್ವರ ಬಂತು. ಕಣ್ಣು ಕಾಣದ ನೇಕಾರ ಸಂಗಣ್ಣ ಮಗಳಿಗೆ ಮದ್ದು ತರಲು ಹೋಗಿ, ಬಾಗಿಲಲ್ಲೇ ಕುಸಿದು ಅತ್ತ. ರಾಣಿ ಚೆಲುವಾಂಬೆ ಮಾಂತ್ರಿಕನನ್ನು ಕರೆಸಿದಳು.

"ಇದನ್ನು ನನ್ನ ಹೊರತು ಯಾರೂ ತಿದ್ದಲಾರರು. ಸಿಂಹಾಸನ ಕೊಡು, ತಿದ್ದುತ್ತೇನೆ" ಎಂದು ಅವನು ನಕ್ಕ.

ಸಂಗಣ್ಣನ ನೆರೆಮನೆಯ ಜಕ್ಕವ್ವೆ ಜಾಲಪುಟ ಕಟ್ಟುವ ಎಚ್‌ಟಿಎಂಎಲ್, ಅದಕ್ಕೆ ಬಣ್ಣ-ರೂಪ ಕೊಡುವ ಸಿಎಸ್‌ಎಸ್ ಎರಡನ್ನೂ ಬಲ್ಲವಳು. "ತಾಯೀ, ನಾನು ತಿದ್ದುತ್ತೇನೆ" ಎಂದು ಮುಂದೆ ಬಂದಳು.

"ಮೂರು ಪರೀಕ್ಷೆ ಗೆಲ್ಲು. ಸೋತರೆ ನೀನು ಕಲ್ಲು, ಸಿಂಹಾಸನ ನನ್ನದು!" ಎಂದು ಮಾಂತ್ರಿಕ ಗುಡುಗಿದ.

ಮೊದಲನೆಯದು, ಗಿಳಿ ಪುಟವನ್ನು ಓದಬೇಕು. ಜಕ್ಕವ್ವೆ ಒಳಗಿನ ಬರಹ ತೆರೆದಳು. ಶೀರ್ಷಿಕೆಯೂ ಡಿವ್, ಗುಂಡಿಯೂ ಡಿವ್, ಎಲ್ಲವೂ ಹೆಸರಿಲ್ಲದ ಬರೀ ಡಬ್ಬಿ! ಯಾವುದು ಏನೆಂದು ಗಿಳಿಗೆ ತಿಳಿಯಲು ಶೀರ್ಷಿಕೆಗೆ ಶೀರ್ಷಿಕೆಯ ಟ್ಯಾಗು, ಗುಂಡಿಗೆ ಗುಂಡಿಯ ಟ್ಯಾಗು ಹಾಕಿದಳು. ಚಿತ್ರಗಳಿಗೆಲ್ಲ ವಿವರಣೆ ಬರೆದಳು.

"ಔಷಧಶಾಲೆ. ನಿಮ್ಮ ಹೆಸರು ಬರೆಯಿರಿ" ಎಂದಿತು ಗಿಳಿ. ಸಂಗಣ್ಣ ಹೆಸರು ಬರೆದು, ಗುಂಡಿ ಒತ್ತಿ ಒಳಹೋಗಿ, ಮದ್ದು ಹಿಡಿದು ಮನೆಗೆ ಓಡಿದ.

ಎರಡನೆಯದು, ಕೈ ನಡುಗುವ ಸೈನಿಕ ಬೀರಣ್ಣ ಮೌಸ್ ಮುಟ್ಟದೆ, ಕೀಲಿಮಣೆಯಿಂದಲೇ ಬಾಗಿಲು ತೆರೆಯಬೇಕು. ಕೀಲಿ ಒತ್ತಿದಾಗ ಎಲ್ಲಿದ್ದೇವೆಂದು ತೋರಿಸಲು ಗುಂಡಿಯ ಸುತ್ತ ಮೂಡಬೇಕಾದ ಗೆರೆಯನ್ನು ಮಾಂತ್ರಿಕ ಅಳಿಸಿಬಿಟ್ಟಿದ್ದ. ಜಕ್ಕವ್ವೆ ಅದನ್ನು ದಪ್ಪಗೆ ಬರೆದಳು. ಬೀರಣ್ಣ ಹೆಸರು ಬರೆದು ಟ್ಯಾಬ್ ಒತ್ತಿದ, ಗೆರೆ ಬೆಳಗಿತು. ಎಂಟರ್ ಒತ್ತಿದ, ಬಾಗಿಲು ತೆರೆಯಿತು.

ಮಾಂತ್ರಿಕನ ಮುಖ ಕಪ್ಪಿಟ್ಟಿತು. "ಮೂರನೆಯದು ಕೇಳು. ತಿಳಿಬೂದು ಅಕ್ಷರ ಮುದುಕರಿಗೆ ಕಾಣದು. ಮುನ್ನೂರು ಪುಟಗಳಲ್ಲೂ ಬಣ್ಣ ಬದಲಾಗಬೇಕು. ನಿನ್ನಿಂದಲ್ಲ, ಅರಮನೆಯ ಅಡುಗೆಯ ತಿಮ್ಮಾಬಾಯಿಯಿಂದ! ತಯಾರಿಗೆ ಮೂರು ದಿನ. ಆಮೇಲೆ ಅವಳಿಗೆ ಒಂದು ಗಳಿಗೆ."

ಬಣ್ಣದ ಬರಹ ಪುಟಪುಟದಲ್ಲೂ ಸಾವಿರ ಕಡೆ ಚದುರಿತ್ತು. ಜಕ್ಕವ್ವೆಯ ಕಣ್ಣು ಉರಿಯಿತು. ಆದರೂ ಒಂದೊಂದನ್ನೇ ಹೆಕ್ಕಿ ತೆಗೆದು, ಎಲ್ಲವನ್ನೂ ಒಂದೇ ಸಿಎಸ್‌ಎಸ್ ಕಡತಕ್ಕೆ ತಂದು, ಅರ್ಥವಾಗುವ ಹೆಸರಿಟ್ಟಳು.

ನಾಲ್ಕನೆಯ ದಿನ ತಿಮ್ಮಾಬಾಯಿ ಸೆರಗಿಗೆ ಕೈ ಒರೆಸಿಕೊಂಡು ಇಣುಕಿದಳು. "ಅಕ್ಷರದ ಬಣ್ಣ ಅಂತ ಇಲ್ಲೇ ಬರೆದಿದೆಯಲ್ಲವ್ವ! ಇದೊಂದು ಬದಲಿಸಿದರೆ ಸಾಕಾ?"

"ಸಾಕಮ್ಮ."

ಅವಳು 'ಕಪ್ಪು' ಎಂದು ಬರೆದಳು. ಮುನ್ನೂರು ಪುಟಗಳಲ್ಲೂ ಅಕ್ಷರಗಳು ಒಮ್ಮೆಲೇ ಕಪ್ಪಗೆ ಎದ್ದು ನಿಂತವು!

ಬೇರೆ ಯಾರಿಗೂ ಅರ್ಥವಾಗದ ಬರಹದಲ್ಲೇ ಕರಾಳಕೇಶನ ಶಕ್ತಿಯಿತ್ತು. ಅದು ಅಳಿದದ್ದೇ ತಡ, ಅವನು ಹೊಗೆಯಾಗಿ ಕರಗಿಹೋದ.

ಜನ ಜಕ್ಕವ್ವೆಯನ್ನು ಆನೆಯ ಮೇಲೆ ಕೂರಿಸಿ ಮೆರೆಸಿದರು. ರಾಣಿ ಅವಳನ್ನು ಮಂತ್ರಿ ಮಾಡಿದಳು. ಎಲ್ಲರಿಗೂ ಮದ್ದು ಸಿಕ್ಕಿ ಜ್ವರ ಊರು ಬಿಟ್ಟಿತು, ರತ್ನಕೇರಿಯ ಜನರೆಲ್ಲ ನೂರು ಕಾಲ ನಗುನಗುತ್ತಾ ಬಾಳಿದರು.