ಇಂಡಿಕೇಟರ್ ಇಲ್ಲದ ಮೆಟಡೋರ್

ಅವಳು ಕೈ ತೋರ್ಸಿದ್ದು ನನಗೇ ಅಂತ ನಾನು ಹನ್ನೊಂದು ದಿನ ನಂಬ್ಕೊಂಡಿದ್ದೆ.

ತೊಂಬತ್ತೇಳನೇ ಇಸವಿ. ನೆಲಮಂಗಲದ ಹತ್ರ ಹೊಸ ಬೈಪಾಸ್ ಕೆಲಸ ನಡೀತಿತ್ತು, ನಾನು ಅಲ್ಲಿ ವಾಟರ್ ಟ್ಯಾಂಕರ್ ಡ್ರೈವರ್. ಅವರು ಮಣ್ಣು ಸುರೀತಾರೆ, ನಾನು ನೀರು ಬಿಡ್ತೀನಿ, ಹಿಂದೇನೇ ರೋಲರ್ ಬರುತ್ತೆ. ಇನ್ನೂ ಓಪನ್ ಆಗದ ಐದು ಕಿಲೋಮೀಟರ್ ರೋಡಿಗೆ ನಾನೊಬ್ಬನೇ ರಾಜ. ಎದುರಿಗೆ ಗಾಡಿ ಇಲ್ಲ, ಪೊಲೀಸ್ ಇಲ್ಲ. ಸೂಲಿಬೆಲೆ ಮುನಿಕೃಷ್ಣ ಅನ್ನೋ ನನಗೋಸ್ಕರ ಯಾರೋ ಪ್ರೊಡ್ಯೂಸರ್ ದುಡ್ಡು ಸುರಿದು ಸೆಟ್ ಹಾಕ್ಸಿದಂಗಿತ್ತು. ಹೀರೋಯಿನ್ ಒಬ್ಳು ಬರ್ಬೇಕಿತ್ತು, ಅಷ್ಟೇ.

ದೊಡ್ಡಬಳ್ಳಾಪುರದ ರೋಡು ಹೈವೇಗೆ ಸೇರೋ ಜಾಗದಲ್ಲಿ ಪಾಪಕ್ಕನ ಬೋಂಡಾ ಅಂಗಡಿ. ಸೇತುವೆ ಕೆಲಸಕ್ಕೆ ಅಂತ ಅಲ್ಲಿಂದ ಎಡಕ್ಕೆ ಮಣ್ಣಿನ ಡೈವರ್ಷನ್ ಮಾಡಿದ್ರು. ದಿನಾ ಎಂಟೂವರೆಗೆ ಒಂದು ನೀಲಿ ಮೆಟಡೋರ್ ಬರೋದು, ಹಿಂದೆ ತುಂಬಾ ಸೀರೆ ಗಂಟು. ಅಂಗಡಿ ಹತ್ರ ಬಂದಾಗ ಎಡಗಡೆ ಕಿಟಕಿಯಿಂದ ಒಂದು ಕೈ ಆಚೆ ಬರೋದು. ಹಸಿರು ಬಳೆ. ಬೆರಳ ತುದಿಯಲ್ಲಿ ನೂಲಿನ ಬಣ್ಣ, ಒಂದಿನ ಕೆಂಪು, ಒಂದಿನ ಅರಿಶಿನ. ಆ ಕೈ ಮೇಲೆ ಕೆಳಗೆ ನಿಧಾನಕ್ಕೆ ಆಡೋದು, ನೇರ ನನ್ನ ಕಡೆಗೇ.

ಅಂಗಡಿ ಪಕ್ಕ ಟ್ಯಾಂಕರ್ ನಿಲ್ಲಿಸಿ ನಾನು ಟೀ ಗ್ಲಾಸ್ ಎತ್ತಿ ಟಾಟಾ ಮಾಡ್ತಿದ್ದೆ.

"ಲೇ ಮುನಿ, ಹಲ್ಲು ಒಳಗೆ ಹಾಕ್ಕೊಳೋ, ಧೂಳು ಹೋಗುತ್ತೆ" ಅನ್ನೋಳು ಪಾಪಕ್ಕ.

"ಪಾಪಕ್ಕ, ಪ್ರೀತಿ ಅನ್ನೋದು ಹೈವೇ ಇದ್ದಂಗೆ. ಒಂದ್ಸಲ ಹತ್ತಿದ್ರೆ ನಿಲ್ಸೋಕಾಗಲ್ಲ."

"ಟೀ ಲೋಟ ಮೊದ್ಲು ಕೆಳಗಿಡು."

ಹನ್ನೆರಡನೇ ದಿನ ಧೈರ್ಯ ಮಾಡ್ದೆ. ಮೆಟಡೋರ್ ಸ್ಲೋ ಆದಾಗ ಕಿಟಕಿ ಪಕ್ಕ ಓಡ್ತಾ ಕೇಳ್ದೆ. "ಏನ್ರೀ, ದಿನಾ ಕೈ ಬೀಸ್ತೀರ, ಹೆಸರು ಮಾತ್ರ ಹೇಳಲ್ವಲ್ಲ?"

ಅವಳು ನನ್ನ ತಲೆಯಿಂದ ಕಾಲವರೆಗೆ ನೋಡಿದ್ಲು. "ನಮ್ಮ ಗಾಡಿಗೆ ಇಂಡಿಕೇಟರ್ ಇಲ್ಲ ಕಣ್ರೀ. ಎಡಕ್ಕೆ ತಿರುಗ್ತೀವಿ ಅಂತ ಹಿಂದಿನವ್ರಿಗೆ ತೋರ್ಸೋದು. ನೀವು ದಿನಾ ಟಾಟಾ ಮಾಡೋದು ನೋಡಿ, ಪಾಪ, ತಲೆ ಸರಿ ಇಲ್ವೇನೋ ಅಂದ್ಕೊಂಡಿದ್ದೆ."

ಪಾಪಕ್ಕ ನಕ್ಕ ನಗೆಗೆ ಬಾಣಲೆ ಎಣ್ಣೆ ತುಳುಕಿತ್ತು. ನಾನು ಅಲ್ಲೇ ಔಟ್. ಆದ್ರೆ ಗಾಡಿ ತಿರುಗೋವಾಗ ಸೈಡ್ ಮಿರರ್‌ನಲ್ಲಿ ಒಂದು ಮುಖ ಕಾಣಿಸ್ತು. ನಗು ತಡ್ಕೊಳೋಕೆ ಕೆಳತುಟಿ ಕಚ್ಕೊಂಡಿತ್ತು. ಅಷ್ಟು ಸಾಕಾಗಿತ್ತು ನನಗೆ.

ಹೆಸರು ಪಾಪಕ್ಕ ತಿಳ್ಕೊಂಡು ಬಂದು ಹೇಳಿದ್ಲು. ಚೌಡೇಶ್ವರಿ. ದೊಡ್ಡಬಳ್ಳಾಪುರದ ಮಗ್ಗದ ಮನೆ. ತಾಯಿ ತೀರ್ಕೊಂಡು ನಾಲ್ಕು ವರ್ಷ. ಗಾಡಿ ಓಡ್ಸೋದು ಅಪ್ಪ ರಾಮಾಂಜಿನಪ್ಪ, ಊರಿನ ಸೀರೆಯೆಲ್ಲ ನೆಲಮಂಗಲದ ಲಾರಿ ಆಫೀಸಿಗೆ ತಲುಪ್ಸೋರು. ಅವರ ಮನೆ ನಡೆಯೋದೇ ಆ ಗಾಡಿಯಿಂದ.

ಆಮೇಲೆ ಒಂದು ತಿಂಗಳು ಬರೀ ಕಣ್ಣಿನ ಕೆಲಸ. ಗಾಡಿ ಬರೋದು, ಕೈ ಆಚೆ ಬರೋದು, ನಾನು ಗಂಭೀರವಾಗಿ ಟ್ರಾಫಿಕ್ ಪೊಲೀಸ್ ಥರ ಎಡಕ್ಕೆ ದಾರಿ ತೋರ್ಸೋದು. ಅವಳು ತಲೆ ತಗ್ಗಿಸಿ ಸೆರಗಲ್ಲಿ ನಗೋದು. ಎಷ್ಟು ಹೊತ್ತು? ನಾಲ್ಕು ಸೆಕೆಂಡು. ಒಂದಿನಕ್ಕೆ ನಾಲ್ಕೇ ಸೆಕೆಂಡು ಸಾಲದು ಅನ್ನಿಸ್ತು ನೋಡಿ, ಅಲ್ಲೇ ನಾನು ಕೆಟ್ಟಿದ್ದು.

ಡೈವರ್ಷನ್ನಿಗೆ ಅಡ್ಡ ಇಡೋ ಡಾಂಬರ್ ಡ್ರಮ್ಮುಗಳಿದ್ವು. ಒಂದು ಬೆಳಗ್ಗೆ ಅದರಲ್ಲಿ ಎರಡನ್ನ ಉರುಳಿಸ್ಕೊಂಡು ಬಂದು ಅಂಗಡಿ ಎದುರಿಗೇ ದಾರಿ ಮಧ್ಯ ನಿಲ್ಲಿಸ್ದೆ. ಗಾಡಿ ಹೇಗಿದ್ರೂ ಅಲ್ಲಿ ಸ್ಲೋ ಆಗುತ್ತೆ. ಡ್ರಮ್ ನೋಡಿ ನಿಲ್ಲುತ್ತೆ. ನಾನು ಹೀರೋ ಥರ ಹೋಗಿ ಡ್ರಮ್ ಸರಿಸ್ತೀನಿ, ಎರಡು ನಿಮಿಷ ಮಾತಾಡ್ತೀನಿ. ಪ್ಲಾನ್ ಅಂದ್ರೆ ಇಷ್ಟೇ.

ಆವತ್ತು ಪಾಪಕ್ಕ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ಲು. ಅಂಗಡಿ ಬಾಗಿಲು ಹಾಕಿತ್ತು.

ಗಾಡಿ ಬಂತು. ಸ್ಲೋ ಆಗ್ಲಿಲ್ಲ.

"ಅಪ್ಪಾ! ಬ್ರೇಕ್!"

ಮೊದಲ ಡ್ರಮ್ ಹಾರಿ ಸೇತುವೆ ಕಂಬಕ್ಕೆ ಅಗೆದಿದ್ದ ಗುಂಡಿಗೆ ಬಿತ್ತು. ತಳಕ್ಕೆ ಬಿದ್ದ ಶಬ್ದ ಬರೋಕೆ ಸ್ವಲ್ಪ ಹೊತ್ತೇ ಹಿಡೀತು. ಎರಡನೇದು ಬಂಪರಿಗೆ ಸಿಕ್ಕಿ, ಗಾಡಿ ಎಳ್ಕೊಂಡು ಹೋಗಿ ಗುಂಡಿ ಅಂಚಲ್ಲಿ ನಿಂತ್ಕೊಂಡ್ತು. ಮುಂದಿನ ಚಕ್ರಕ್ಕೂ ಗುಂಡಿಗೂ ನನ್ನ ಎರಡು ಹೆಜ್ಜೆ.

ಅವಳು ಇಳಿದ್ಲು. ರಾಮಾಂಜಿನಪ್ಪ ಆ ಕಡೆಯಿಂದ ಇಳಿದು, ಗುಂಡಿ ಕಡೆಗೇ ನಡ್ಕೊಂಡು ಹೊರಟ್ರು. ಅವಳು ಓಡಿ ಹೋಗಿ ರಟ್ಟೆ ಹಿಡ್ಕೊಂಡ್ಲು. ಅವರು ಬಗ್ಗಿ ಕೈಯಿಂದ ಡ್ರಮ್ ತಡವಿದ್ರು. ಆಮೇಲೆ ನನ್ನ ಹೆಗಲ ಪಕ್ಕದ ಗಾಳಿಗೆ ಕೇಳಿದ್ರು.

"ಏನಪ್ಪಾ, ಈ ಡ್ರಮ್ ಇಲ್ಲೇ ಇತ್ತಾ?"

ನನ್ನ ಬಾಯಲ್ಲಿ ಸಾವಿರ ಡೈಲಾಗ್ ಇರ್ತಿತ್ತು. ಆವತ್ತು ಬಂದಿದ್ದು ಒಂದೇ ಮಾತು, ಅದೂ ಸುಳ್ಳು.

"ಹೂಂ ಸಾರ್. ಮುಂಚಿಂದಾನೂ ಇಲ್ಲೇ ಇದೆ."

ಅವರು ಅಂಗಡಿ ಬೆಂಚ್ ಮೇಲೆ ಕೂತ್ರು. ಮಗಳು ನನ್ನ ದೂರ ಕರ್ಕೊಂಡು ಹೋಗಿ ಮೆಲ್ಲಗೆ ಹೇಳಿದ್ಲು. "ಯಾರಿಗೂ ಹೇಳ್ಬೇಡಿ. ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಕಣ್ಣು ಹೋಗ್ತಾ ಬಂತು, ಈಗ ಬರೀ ಮಂಜು. ಇಪ್ಪತ್ತೈದು ವರ್ಷ ಓಡ್ಸಿದ ರೋಡು, ಜ್ಞಾಪಕದಲ್ಲೇ ಓಡ್ಸ್ತಾರೆ. ಎದುರಿಗೆ ಬರೋ ಗಾಡಿ ನಾನು ಹೇಳ್ತೀನಿ. ಪಾಪಕ್ಕನ ಬೋಂಡಾ ವಾಸನೆ ಬಂದ್ರೆ ಗೇರ್ ಇಳಿಸ್ತಾರೆ."

ಆವತ್ತು ವಾಸನೆ ಬರ್ಲಿಲ್ಲ.

ಕೈ ಬೀಸ್ತಿದ್ದೋಳು ಅಂದ್ಕೊಂಡಿದ್ದೆ. ಅವಳು ಒಬ್ಬ ಮನುಷ್ಯನ ಕಣ್ಣಾಗಿ ಕೂತಿದ್ಲು.

ಬೆಂಚ್ ಮೇಲಿಂದ ರಾಮಾಂಜಿನಪ್ಪ ಕರೆದ್ರು. "ಚೌಡಿ, ಬಾ ಇಲ್ಲಿ." ಜೇಬಿಂದ ಕೀ ತೆಗೆದು ಅವಳ ಕೈಗಿಟ್ರು. "ಕಣ್ಣು ಹೋಯ್ತು. ಈಗ ಜ್ಞಾಪಕಾನೂ ಹೋಯ್ತು ಕಣಮ್ಮ. ಇನ್ನು ನಾನು ಮುಟ್ಟಲ್ಲ."

"ಅಪ್ಪ, ನನಗೆ ಬರಲ್ವಲ್ಲ. ಈ ಸೇತುವೆ ಮುಗಿದು ಹೊಸ ಜಂಕ್ಷನ್ ಓಪನ್ ಆಗೋವರೆಗೆ ಬಸ್ಸಿನ ಮೇಲೆ ಗಂಟು ಹಾಕ್ಬೋದು. ಆಮೇಲೆ ಹೊಸ ರೋಡಲ್ಲಿ ಗಾಡಿಗಳು ಜಾಸ್ತಿ ಆಗ್ತವೆ, ಸೀರೆಯವ್ರು ಬೇರೆ ಗಾಡಿ ನೋಡ್ಕೋತಾರೆ."

"ಇನ್ನೂ ಮೂರು ತಿಂಗಳಿದೆ" ಅಂದೆ ನಾನು. "ನಾನು ಕಲಿಸ್ತೀನಿ."

ಮೆಟಡೋರ್ ಪಾಪಕ್ಕನ ಅಂಗಡಿ ಹಿಂದೇನೇ ನಿಂತ್ಕೊಂಡ್ತು. ಅಪ್ಪ ಮಗಳು ದಿನಾ ಫಸ್ಟ್ ಬಸ್ಸಿಗೆ ಬರೋರು. ಅವಳು ಸ್ಟೀರಿಂಗ್ ಹಿಂದೆ, ನಾನು ಎಡಗಡೆ ಕಿಟಕಿ ಹತ್ರ, ನಡುಮಧ್ಯ ಅಪ್ಪ, ಸೆನ್ಸಾರ್ ಬೋರ್ಡ್ ಥರ. ಖಾಲಿ ಬೈಪಾಸು. ಎರಡು ಕಡೆ ರಾಗಿ ಹೊಲ, ಇಬ್ಬನಿ. ರೋಡಲ್ಲಿ ಏನಿದೆ ಅಂತ ನಾನು ಹೇಳೋದು, ಗಾಡಿಯಲ್ಲಿ ಏನಿದೆ ಅಂತ ಅವರು ಹೇಳೋದು.

"ಇಂಜಿನ್ ಅಳ್ತಾ ಇದೆ ಕಣಮ್ಮ. ಸೆಕೆಂಡ್ ಹಾಕು."

"ಅದು ಅಳೋದು ನಿಮಗೆ ಹೆಂಗೆ ಗೊತ್ತಾಗುತ್ತೆ ಅಪ್ಪ?"

"ನೀನು ತೊಟ್ಟಿಲಲ್ಲಿ ಅಳ್ತಿದ್ದಾಗ ಹಸಿವೋ ನಿದ್ದೆನೋ ಅಂತ ಗೊತ್ತಾಗ್ತಿತ್ತಲ್ಲ, ಹಂಗೆ."

ಹೊಸ ಜಂಕ್ಷನ್ ಮಾತ್ರ ಕಷ್ಟವಾಗಿತ್ತು. ಮುಂಚೆ ಅಲ್ಲಿ ನೇರ ಬಲಕ್ಕೆ ತಿರುಗಿದ್ರೆ ಲಾರಿ ಆಫೀಸು. ಈಗ ಬಲಕ್ಕೆ ಹೋಗ್ಬೇಕು ಅಂದ್ರೆ ಮೊದ್ಲು ಎಡಕ್ಕೆ ಹೋಗಿ, ಮಣ್ಣಿನ ಏರಿ ಹತ್ತಿ, ಸುತ್ಕೊಂಡು ಸೇತುವೆ ಮೇಲೆ ಬರ್ಬೇಕು.

"ಬಲಕ್ಕೆ ಹೋಗೋಕೆ ಎಡಕ್ಕಾ?" ರಾಮಾಂಜಿನಪ್ಪ ಗಾಳಿಯಲ್ಲಿ ಬೆರಳಿಂದ ಗೆರೆ ಎಳೆದು ನೋಡಿದ್ರು. ಮತ್ತೆ ಎಳೆದ್ರು. ಬೆರಳು ಅರ್ಧಕ್ಕೇ ನಿಲ್ಲೋದು. "ಇದು ನನ್ನ ರೋಡಲ್ಲ ಬಿಡಪ್ಪ."

ಒಂದು ಭಾನುವಾರ ನಾನು ಇಂಡಿಕೇಟರ್ ರಿಪೇರಿ ಮಾಡ್ದೆ. ಟಿಕ್ ಟಿಕ್ ಅಂತ ಕೇಳಿದ ತಕ್ಷಣ ಅವರ ಮುಖ ಅರಳ್ತು. "ಇನ್ನು ನೀನು ಎತ್ತ ತಿರುಗ್ತೀಯ ಅಂತ ನನಗೂ ಗೊತ್ತಾಗುತ್ತೆ" ಅಂದ್ರು ಮಗಳಿಗೆ.

ಅವಳು ಅಪ್ಪನ ತಲೆ ಮೇಲಿಂದ ನನ್ನ ನೋಡಿದ್ಲು. "ಥ್ಯಾಂಕ್ಸ್ ಅನ್ಬೇಕಾ?"

"ಬೇಡ. ಇನ್ಮೇಲೆ ನೀವು ಕೈ ಆಚೆ ಹಾಕಲ್ವಲ್ಲ, ನನಗೇ ಲಾಸು."

ಕೆನ್ನೆ ಕೆಂಪಾಯ್ತು. ಗೇರ್ ತಪ್ಪಿತು. "ಇಂಜಿನ್ ನಗ್ತಾ ಇದೆಯಲ್ಲ?" ಅಂದ್ರು ಸೆನ್ಸಾರ್ ಬೋರ್ಡ್.

ಲೈಸೆನ್ಸ್ ಬಂತು. ಓಪನಿಂಗಿಗೆ ನಾಲ್ಕು ದಿನ ಇದ್ದಾಗ, ಕೊನೇ ಸಲ ಅಂತ ಸೇತುವೆ ಮೇಲೆ ಹೋಗಿ ನಿಂತ್ವಿ. ಅವಳು ಒಂದೂ ತಪ್ಪು ಮಾಡಿರ್ಲಿಲ್ಲ. ನಾನು ಮುಂದಿನ ವಾರ ಟ್ಯಾಂಕರ್ ತಗೊಂಡು ದಾಬಸ್‌ಪೇಟೆ ಕಡೆ ಹೋಗ್ಬೇಕು. ಹೇಳೋ ಮಾತೆಲ್ಲ ರೆಡಿ ಇತ್ತು, ಕನ್ನಡಿ ಎದುರು ರಿಹರ್ಸಲ್ ಕೂಡ ಆಗಿತ್ತು.

ಅಷ್ಟರಲ್ಲಿ ರಾಮಾಂಜಿನಪ್ಪ ಮೆಲ್ಲಗೆ ಅಂದ್ರು. "ಆ ಡ್ರಮ್ಮು ಮುಂಚಿಂದಾನೂ ಇತ್ತು ಅಂದ್ಯಲ್ಲಪ್ಪ. ಆವತ್ತಿಂದ ಒಂದು ಭಯ. ಇವಳಮ್ಮ ನಾರಾಯಣಮ್ಮನ ಮುಖ ನನಗೆ ಉಳಿದಿರೋದು ಜ್ಞಾಪಕದಲ್ಲೇ. ಮೂಗುತಿ ಎಡಕ್ಕಿತ್ತಾ ಬಲಕ್ಕಿತ್ತಾ ಅಂತ ದಿನಾ ಕೇಳ್ಕೋತೀನಿ. ಎಡಕ್ಕೆ ಅನ್ಸುತ್ತೆ. ಆದ್ರೆ ಡ್ರಮ್ಮೂ ಇರ್ಲಿಲ್ಲ ಅಂತಾನೇ ಅನ್ಸಿತ್ತಲ್ಲ. ಹೆಂಗೆ ನಂಬ್ಲಿ?"

ನಿಜ ಹೇಳಿದ್ರೆ ಅವರು ಮತ್ತೆ ಕೀ ಕೇಳ್ಬೋದು. ಅವಳು ಇನ್ನು ನನ್ನ ಮುಖ ನೋಡದೇ ಇರ್ಬೋದು. ಸುಮ್ನಿದ್ರೆ ಇವರು ಹೆಂಡತಿ ಮುಖಾನೂ ಕಳ್ಕೋತಾರೆ.

"ಸಾರ್, ಡ್ರಮ್ ಅಲ್ಲಿರ್ಲಿಲ್ಲ" ಅಂದೆ. "ಆವತ್ತು ಬೆಳಗ್ಗೆ ನಾನೇ ಇಟ್ಟಿದ್ದು. ನಿಮ್ಮ ಮಗಳ ಹತ್ರ ಎರಡು ನಿಮಿಷ ಮಾತಾಡ್ಬೇಕಿತ್ತು. ನಿಮ್ಮ ಜ್ಞಾಪಕ ಸರಿಯಾಗೇ ಇದೆ. ಸುಳ್ಳು ಹೇಳಿದ್ದು ನಾನು."

ಚೌಡೇಶ್ವರಿ ಸ್ಟೀರಿಂಗ್ ಮೇಲಿಂದ ಕೈ ತೆಗೆದ್ಲು. ನನ್ನ ಕಡೆ ತಿರುಗ್ಲಿಲ್ಲ.

ರಾಮಾಂಜಿನಪ್ಪ ಮಾತ್ರ ಕಣ್ಣು ಮುಚ್ಚಿದ್ರು. ತುಟಿ ಅಲ್ಲಾಡ್ತಿತ್ತು. "ಎಡಕ್ಕೆ" ಅಂದ್ರು. "ಎಡಕ್ಕೇ ಇತ್ತು." ಕೆನ್ನೆ ಮೇಲೆ ನೀರು ಇಳೀತಿತ್ತು, ಒರೆಸ್ಕೊಳ್ಲಿಲ್ಲ. ಆಮೇಲೆ ಮಗಳ ಕಡೆ ಕೈ ಚಾಚಿದ್ರು. "ಕೀ ಕೊಡು."

ಅವಳು ಕೀ ತೆಗೆದು ಅವರ ಕೈಗಿಟ್ಲು.

ಅವರು ಅದನ್ನ ಬೆರಳಲ್ಲಿ ಸವರಿದ್ರು. "ಡ್ರಮ್ ಜಾಗದಲ್ಲಿ ಒಂದು ಮಗು ನಿಂತಿದ್ರೂ ನಾನು ನಿಲ್ಲಿಸ್ತಿರ್ಲಿಲ್ಲ ಕಣಪ್ಪ. ಆವತ್ತು ಮನಸ್ಸು ಕೆಟ್ಟು ಕೀ ಕೊಟ್ಟಿದ್ದೆ. ಇವತ್ತು ತಿಳಿದು ಕೊಡ್ತಿದ್ದೀನಿ." ಕೀ ಮತ್ತೆ ಅವಳ ಮಡಿಲಿಗೆ ಬಂತು.

ಆಗ ಅವಳು ಮುಂದಿನ ಗಾಜು ನೋಡ್ತಾನೇ ಮಾತಾಡಿದ್ಲು. "ಅಪ್ಪ, ತಪ್ಪು ಇವರೊಬ್ಬರದ್ದೇ ಅಲ್ಲ. ಡ್ರಮ್ ನಾನು ನೋಡ್ಬೇಕಿತ್ತು. ನಾನು ರೋಡ್ ನೋಡ್ತಿರ್ಲಿಲ್ಲ. ಟ್ಯಾಂಕರ್ ಕಡೆ ನೋಡ್ತಿದ್ದೆ."

ನಾನು ಬಾಯಿ ತೆರೆದೆ. ಅವಳು ಇಂಜಿನ್ ಸ್ಟಾರ್ಟ್ ಮಾಡಿದ್ಲು.

"ಇಳೀರಿ. ಈಗ ನನಗೇನೂ ಹೇಳ್ಬೇಡಿ. ನೀವು ಕಲಿಸಿದ್ದನ್ನ ಮಾತ್ರ ಇಟ್ಕೋತೀನಿ. ಉಳಿದಿದ್ದು ಆಮೇಲೆ ಯೋಚನೆ ಮಾಡ್ತೀನಿ."

ಸೇತುವೆ ಮೇಲೆ ನಾನೊಬ್ಬನೇ ಉಳಿದೆ. ರಿಹರ್ಸಲ್ ಮಾಡಿದ್ದ ಒಂದು ಮಾತೂ ನೆನಪಿಗೆ ಬರ್ಲಿಲ್ಲ.

ಓಪನಿಂಗ್ ದಿನ. ಬಾಳೆಕಂಬ, ಟೇಪು, ಮೈಕು. ನಾಲ್ಕು ದಿನದಿಂದ ಅವಳ ಸುದ್ದಿ ಇರ್ಲಿಲ್ಲ. ಪಾಪಕ್ಕನ ಅಂಗಡಿ ಏರಿ ಪಕ್ಕಕ್ಕೆ ಬಂದಿತ್ತು, ಪಕ್ಕದಲ್ಲಿ ನನ್ನ ಟ್ಯಾಂಕರ್, ಹೊರಡೋಕೆ ರೆಡಿ.

"ಟೀ ಆರೋಗ್ತಿದೆ ಕಣೋ" ಅಂದ್ಲು ಪಾಪಕ್ಕ. ಕುಡಿಯೋಕಾಗ್ಲಿಲ್ಲ.

ಎಂಟೂವರೆಗೆ ನೀಲಿ ಮೆಟಡೋರ್ ಬಂತು. ಜಂಕ್ಷನ್ ಹತ್ರ ಎಡಗಡೆ ಇಂಡಿಕೇಟರ್ ಮಿನುಗೋಕೆ ಶುರುವಾಯ್ತು. ಮುಂದೆ ಹೋಗ್ತಿದ್ದ ಲಾರಿ ಎತ್ತ ತಿರುಗ್ಬೇಕು ಅಂತ ಗೊತ್ತಾಗದೆ ಗಾಬರಿಯಾಗಿ ನಡುರೋಡಲ್ಲಿ ನಿಂತ್ಕೊಂಡ್ತು. ಇವಳು ಹಾರ್ನ್ ಮಾಡ್ಲಿಲ್ಲ. ತಾಳ್ಮೆಯಿಂದ ಅದನ್ನ ದಾಟಿ, ಗೇರ್ ಇಳಿಸಿ, ಏರಿ ಹತ್ತಿದ್ಲು. ಒಳಗೆ ರಾಮಾಂಜಿನಪ್ಪ ತಲೆ ವಾಲಿಸಿ ಇಂಜಿನ್ ಕೇಳ್ತಾ ಕೂತಿದ್ರು.

ಗಾಡಿ ಸುತ್ತಿ ನಮ್ಮ ಮುಂದೆ ಬಂತು. ಅವಳ ಕಣ್ಣು ರೋಡ್ ಮೇಲೇ ಇತ್ತು, ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗ್ಲಿಲ್ಲ. ಆದ್ರೆ ಡ್ರೈವರ್ ಕಿಟಕಿಯಿಂದ ಒಂದು ಕೈ ಆಚೆ ಬಂತು. ಹಸಿರು ಬಳೆ. ಬೆರಳ ತುದಿಯಲ್ಲಿ ಅರಿಶಿನ ಬಣ್ಣ. ಮೇಲೆ ಕೆಳಗೆ, ನಿಧಾನಕ್ಕೆ.

ಪಾಪಕ್ಕ ನನ್ನ ಮುಖ ನೋಡಿದ್ಲು. "ಪಾಪ, ಇಂಡಿಕೇಟರ್ ಮತ್ತೆ ಕೆಟ್ಟಿರ್ಬೇಕು."

"ಇಲ್ಲ ಪಾಪಕ್ಕ" ಅಂದೆ. "ಅದನ್ನ ನಾನೇ ರಿಪೇರಿ ಮಾಡಿದ್ದು."