ಇಲಿ ಬಿತ್ತಿದ ಭತ್ತ

ಹಾಲಸ್ವಾಮಿಯ ಹೊಟ್ಟೆಗೆ ಕಿಚ್ಚು ಬಿದ್ದದ್ದು ಒಂದು ಚಹಾ ಲೋಟದಿಂದ. ಬುಕ್ಕಸಾಗರದಿಂದ ಕಂಪ್ಲಿ ಕಡೆ ಹೋಗುವ ದಾರಿಯಲ್ಲಿ ಅವನದೊಂದು ಅಕ್ಕಿ ಗಿರಣಿ, ಅಪ್ಪ ಕಟ್ಟಿಸಿದ್ದು. ಅಲ್ಲಿಗೆ ಬಂದ ಭಾವಮೈದುನ ಮನೋಹರ್ ಚಹಾ ಕುಡಿಯುವ ಮೊದಲು ಲೋಟದ ಅಂಚನ್ನು ಕರ್ಚೀಫಿನಿಂದ ಒರೆಸಿದ. ಐದು ವರ್ಷದ ಕೆಳಗೆ ಇದೇ ಮನೋಹರ್ ಇದೇ ಗಿರಣಿಯಲ್ಲಿ ತೌಡಿನ ಚೀಲ ಹೊಲಿಯುತ್ತಿದ್ದ. ಚೀನಾದವರು ಸಂಡೂರಿನ ಕೆಂಪು ಮಣ್ಣಿಗೆ ಮುಗಿಬಿದ್ದದ್ದೇ ತಡ, ಅವನು ಸಾಲ ಮಾಡಿ ತಂದ ಒಂದು ಲಾರಿ ಹತ್ತಾಯಿತು, ಕೊರಳಿಗೆ ಎತ್ತಿನ ಹಗ್ಗದಷ್ಟು ದಪ್ಪದ ಚೈನು ಬಂತು.

“ಭಾವ, ಇನ್ನಾ ತೌಡಿನ ಧೂಳು ಕುಡ್ಕೊಂತ ಕುಂತೀರಲ್ರಿ. ಧೂಳೇ ಕುಡಿಯೋದಾದ್ರ ನಮ್ಮ ಸಂಡೂರಿಂದು ಕುಡೀರಿ. ಅದ್ರಾಗ ಕಬ್ಬಿಣ ಐತಿ, ರಕ್ತಕ್ಕ ಒಳ್ಳೇದು!”

ಗಿರಣಿಗೆ ಅಂಟಿಕೊಂಡ ಮನೆಯ ಬಾಗಿಲ ಹಿಂದೆ ಹಾಲಸ್ವಾಮಿಯ ಹೆಂಡತಿ ತ್ರಿವೇಣಿ ಕಿಸಕ್ಕನೆ ನಕ್ಕಳು. ಮನೋಹರನ ಮಾತನ್ನು ಹಾಲಸ್ವಾಮಿ ಹೇಗೋ ನುಂಗಿಕೊಂಡಾನು, ಆ ನಗು ಮಾತ್ರ ಗಂಟಲಲ್ಲೇ ನಿಂತಿತು. ಹೆಸರು ಮಾಡಬೇಕು. ಎಂಥ ಹೆಸರೆಂದರೆ, ಇದೇ ಮನೋಹರ್ ಬಂದು ಲೋಟ ಒರೆಸದೆ ಚಹಾ ಕುಡಿಯಬೇಕು, ಬಾಗಿಲ ಹಿಂದಿನ ನಗು ಬಾಗಿಲ ಮುಂದೆ ಬಂದು ತಲೆ ಬಗ್ಗಿಸಬೇಕು.

ಹೆಸರಿನ ದಾರಿ ಅವನಿಗೆ ಕಂಡದ್ದು ಬಸಕ್ಕನ ಹೊಲದಲ್ಲಿ. ಬಸಕ್ಕನಿಗೆ ಇದ್ದದ್ದು ಎರಡೇ ಎಕರೆ. ಆದರೆ ಬೀಜದ ಕಂಪನಿಯೊಂದು ಹೈಬ್ರಿಡ್ ಭತ್ತದ ಬೀಜ ಮಾಡಲು ಊರೆಲ್ಲ ಬಿಟ್ಟು ಅವಳ ಹೊಲವನ್ನೇ ಆರಿಸಿಕೊಂಡಿತ್ತು. ಕಂಪನಿಯ ಮೇಲ್ವಿಚಾರಕ ಜಂಬುನಾಥ್ ವಾರಕ್ಕೆರಡು ಸಲ ಬೈಕಿನಲ್ಲಿ ಬಂದು “ಬಸಕ್ಕಾರ, ಬಸಕ್ಕಾರ” ಎನ್ನುತ್ತ ಅವಳ ಹಿಂದೆ ಕೆಸರಲ್ಲಿ ತಿರುಗುತ್ತಿದ್ದ. ಹೈದರಾಬಾದಿನ ಸಾಹೇಬರು ಬಂದು ಅವಳ ಫೋಟೋ ಹಿಡಿದುಕೊಂಡು ಹೋದರು. ನನಗೂ ಈ ಬೀಜದ ಕೆಲಸ ಕೊಡಿಸು ಅಂತ ಹಾಲಸ್ವಾಮಿ ಕೇಳಿದರೆ ಜಂಬುನಾಥ್ ಹಲ್ಲು ಬಿಟ್ಟ.

“ನಿಮಗ ಕೆಸರು ಆಗಂಗಿಲ್ರಿ ಸೌಕಾರ್ರ. ಇದು ಕೂಸು ಸಾಕಿದಂಗ.”

ಅದೂ ಸುಳ್ಳಲ್ಲ. ಹಾಲಸ್ವಾಮಿಗೆ ಭತ್ತದ ಪರಿಚಯ ಆಗುತ್ತಿದ್ದದ್ದು ಅದು ಒಣಗಿ ಚೀಲ ಸೇರಿದ ಮೇಲೆ. ಅದಕ್ಕೂ ಮೊದಲಿನ ಭತ್ತವನ್ನು ಅವನು ಬದುವಿನ ಮೇಲೆ ನಿಂತು, ಚಪ್ಪಲಿ ಕಳಚದೆ ನೋಡಿದವನು. ಆದರೂ ಅಂದು ಹಾಗೆ ಅನ್ನಿಸಿಕೊಂಡು ಬಂದವನ ತಲೆಯಲ್ಲಿ ಒಂದು ಯೋಜನೆ ಮೊಳೆಯಿತು. ಕಂಪನಿಯ ಬೀಜ ಎರಡು ಸೇರು ಸಿಕ್ಕರೆ ಸಾಕು. ಈ ಬೇಸಿಗೆ ಬೆಳೆಗೆ ಹತ್ತು ಗುಂಟೆ, ಮುಂದಿನದಕ್ಕೆ ಹತ್ತು ಎಕರೆ, ಆಮೇಲೆ ‘ಹಾಲಸ್ವಾಮಿ ಸೋನಾ’ ಎಂದು ತನ್ನದೇ ಹೆಸರಿನ ಬೀಜ, ಚೀಲದ ಮೇಲೆ ತನ್ನದೇ ಫೋಟೋ. ಕಳ್ಳತನ ಅಂತೀರಾ? ಸಂಡೂರಿನಲ್ಲಿ ಗುಡ್ಡಕ್ಕೆ ಗುಡ್ಡವೇ ಲಾರಿ ಹತ್ತುತ್ತಿತ್ತು, ಹತ್ತಿಸಿದವರಿಗೆ ಸನ್ಮಾನ ಆಗುತ್ತಿತ್ತು. ಎರಡು ಸೇರು ಭತ್ತಕ್ಕೆ ಯಾವ ದೇವರು ಕಣ್ಣು ಕೆಂಪು ಮಾಡುತ್ತಾನೆ?

ಬೀಜ ಇರುತ್ತಿದ್ದದ್ದೂ ಅವನ ಮೂಗಿನಡಿಯೇ. ಬಸಕ್ಕನ ಮನೆಗೆ ಗೆದ್ದಲು, ಹಾಗಾಗಿ ಬಿತ್ತನೆ ತನಕ ಚೀಲ ಗಿರಣಿಯ ಗೋದಾಮಿನಲ್ಲಿಡುವುದು ವಾಡಿಕೆ. ಪ್ರತಿ ಸಲ ಎರಡು ಚೀಲ: ಒಂದು ದೊಡ್ಡದು, ಒಂದು ಸಣ್ಣದು. ದೊಡ್ಡದಕ್ಕೆ ಬಸಕ್ಕ ‘ಹೆಣ್ಣು ಚೀಲ’ ಎನ್ನುತ್ತಿದ್ದಳು, ಸಣ್ಣದಕ್ಕೆ ‘ಗಂಡು ಚೀಲ’. ಹೊಲದಲ್ಲೂ ಹಾಗೇ, ಎಂಟು ಸಾಲು ಹೆಣ್ಣು, ಎರಡು ಸಾಲು ಗಂಡು.

ಯಾವುದನ್ನು ಕದಿಯಬೇಕು? ಹಾಲಸ್ವಾಮಿ ಅವಸರದ ಮನುಷ್ಯನಲ್ಲ, ಕೂತು ವಿಚಾರ ಮಾಡಿದ. ಹೋದ ವರ್ಷ ಗಂಡು ಸಾಲನ್ನು ಬಸಕ್ಕ ಮೊದಲೇ ಕೊಯ್ದು ಇವನ ಗಿರಣಿಗೇ ತಂದು ಸುರಿದಿದ್ದಳು, ಊಟದ ಅಕ್ಕಿಗೆ. ಹೆಣ್ಣು ಸಾಲಿನದನ್ನು ಮಾತ್ರ ಕಂಪನಿಯವರು ಬಂಗಾರ ತೂಗಿದ ಹಾಗೆ ತೂಗಿ ಒಯ್ದಿದ್ದರು. ಪಪ್ಪಾಯಿ ತೋಟದಲ್ಲೂ ಅಷ್ಟೇ ಅಲ್ಲವೇ, ಗಂಡು ಗಿಡ ಕಾಯಿ ಬಿಡುವುದಿಲ್ಲ, ಕಡಿದು ಬಿಸಾಡುತ್ತಾರೆ. ಎಲ್ಲಾ ಬರೋಬ್ಬರಿ ಕೂತಿತು. ಇನ್ನೊಂದು ಕಂಡಿದ್ದ: ಹೂವಿನ ಕಾಲಕ್ಕೆ ದಿನಾ ಹತ್ತು ಗಂಟೆಗೆ ಬಸಕ್ಕ, ಅವಳ ತಂಗಿ ಗಾಳೆಮ್ಮ ಆ ಬದಿಗೊಬ್ಬರು ಈ ಬದಿಗೊಬ್ಬರು ನಿಂತು ಪೈರಿನ ಮೇಲೆ ಹಗ್ಗ ಎಳೆಯುತ್ತಿದ್ದರು, ಹಳದಿ ಧೂಳು ಏಳುತ್ತಿತ್ತು. ಹುಳ ಉದುರಿಸುತ್ತಾರೆ, ಪಾಪ, ಎಣ್ಣೆ ಹೊಡೆಯಲು ದುಡ್ಡಿಲ್ಲ ಎಂದುಕೊಂಡ. ತಾನಾದರೆ ಪಂಪಿನಲ್ಲಿ ಹೊಡೆಸುತ್ತಾನೆ.

ಇನ್ನು ಕಳ್ಳ ಯಾರಾಗಬೇಕು ಎಂಬುದು. ಗಿರಣಿಯಲ್ಲಿ ಕದಿಯುವ ಹಕ್ಕು ಯಾರಿಗಿದೆ? ಇಲಿಗೆ. ಇದೇ ಅವನ ಯೋಜನೆಯ ಕಿರೀಟ. ಮಧ್ಯಾಹ್ನ ಕರೆಂಟು ಹೋಗಿ, ಹಮಾಲರು ಬುತ್ತಿ ಬಿಚ್ಚಿ ಬೇವಿನ ಗಿಡದಡಿ ಕೂತಾಗ, ಹಾಲಸ್ವಾಮಿ ಮುರಿದ ಬಾಚಣಿಗೆಯ ಹಲ್ಲಿನಿಂದ ಹೆಣ್ಣು ಚೀಲದ ಮೂಲೆಯನ್ನು ಎಳೆಎಳೆಯಾಗಿ ಕೆರೆದ. ಚಾಕು ಮುಟ್ಟಲಿಲ್ಲ, ಇಲಿ ಚಾಕು ಹಿಡಿಯುವುದಿಲ್ಲ. ಎರಡು ಸೇರು ಟಿಫಿನ್ ಡಬ್ಬಿಗೆ ಇಳಿಯಿತು. ಇಲಿ ಕಾಳು ತಿಂದು ಸಿಪ್ಪೆ ಉಗುಳುತ್ತದೆ, ಅದಕ್ಕೆ ಎರಡು ಹಿಡಿ ಹೊಟ್ಟು ಉದುರಿಸಿದ. ಕೊನೆಗೆ, ಕಾಗದದ ಪೊಟ್ಟಣ ಬಿಚ್ಚಿ, ಬೆಳಿಗ್ಗೆ ತಾನೇ ಆರಿಸಿ ತಂದಿದ್ದ ತಾಜಾ ಹಿಕ್ಕೆಯನ್ನು ರಂಗೋಲಿ ಚುಕ್ಕಿಯ ಹಾಗೆ ಇಟ್ಟ. ಚುಕ್ಕಿ ಸಾಲು ತೀರಾ ನೆಟ್ಟಗೆ ಬಂತೆನಿಸಿ ಕಾಲಿನಿಂದ ಸ್ವಲ್ಪ ಚದುರಿಸಿದ. ಗಂಡು ಚೀಲದ ಕಡೆ ತಿರುಗಿಯೂ ನೋಡಲಿಲ್ಲ.

ಬಸಕ್ಕ ಬಂದು ನೋಡಿ ಎದೆ ಬಡಿದುಕೊಂಡಳು. “ಯಪ್ಪಾ! ನಿನ್ನ ಹಲ್ಲು ಉದುರ್ಲಿ, ನಿನ್ನ ಬಾಲಕ್ಕ ಬೆಂಕಿ ಬೀಳ್ಲಿ, ನಿನ್ನ ಹೊಟ್ಟಿ ಒಡೀಲಿ!”

ಎಲ್ಲ ಇಲಿಗೆ ಬಿದ್ದ ಬೈಗುಳ. ಹಾಲಸ್ವಾಮಿ ಸುಮ್ಮನೆ ತಲೆಯಾಡಿಸುತ್ತ ನಾಲಿಗೆಯಿಂದ ಒಮ್ಮೆ ಹಲ್ಲು ಮುಟ್ಟಿ ನೋಡಿಕೊಂಡ. ಬೀಜ ಕಮ್ಮಿಯಾಗಿ ಅವಳ ಕಾಲು ಎಕರೆ ಆ ಬೆಳೆಗೆ ಬೀಳು ಬಿತ್ತು. ಅದಕ್ಕೆ ಅವನಿಗೆ ಸ್ವಲ್ಪ ಕೆಡುಕೆನಿಸಿ, ಸಮಾಧಾನಕ್ಕೆಂದು ಅವಳಿಗೊಂದು ಬೆಕ್ಕು ಕೊಟ್ಟ. ಬಸಕ್ಕ ಬೆಕ್ಕನ್ನೂ ನೋಡಿದಳು, ಅವನನ್ನೂ ನೋಡಿದಳು. “ಭಾಳ ದೊಡ್ಡ ಮನಸ್ಸು ಸೌಕಾರ್ರ ನಿಮ್ದು,” ಎಂದಳು.

ಹತ್ತು ಗುಂಟೆಯನ್ನೂ ಅವನು ಬುದ್ಧಿ ಖರ್ಚು ಮಾಡಿಯೇ ಆರಿಸಿದ. ಮೂರು ಬದಿ ಬಾಳೆ, ಒಂದು ಬದಿ ಆಳೆತ್ತರದ ಕಬ್ಬು; ಸುತ್ತಲೆಲ್ಲೂ ಇನ್ನೊಬ್ಬರ ಭತ್ತವಿಲ್ಲ, ಇನ್ನೊಬ್ಬರ ಕಣ್ಣಿಲ್ಲ. ನೀರು ಕಟ್ಟಲು ಮೂಕಣ್ಣನನ್ನು ಇಟ್ಟ. ಹೆಸರಷ್ಟೇ ಮೂಕಣ್ಣ, ಬಾಯಿ ಮಾತ್ರ ಟಿ.ಬಿ. ಡ್ಯಾಂ ಗೇಟು. ಅದಕ್ಕೇ ಅವನಿಗೆ ಬೀಜ ಬೆಂಗಳೂರಿನಿಂದ ತರಿಸಿದ್ದು ಅಂತ ಹೇಳಿ ಬಾಯಿಗೆ ಬೀಗ ಹಾಕಿದ.

ಪೈರು ಎದ್ದಿತು ನೋಡಿ, ಎಂಥ ಹಸಿರು! ಒಂದೊಂದು ಸಸಿಗೆ ಇಪ್ಪತ್ತು ಇಪ್ಪತ್ತೈದು ಮರಿ. ಹಾಲಸ್ವಾಮಿ ಹೊಸಪೇಟೆಗೆ ಹೋಗಿ ಐನೂರು ಚೀಲಕ್ಕೆ ಆರ್ಡರ್ ಕೊಟ್ಟು ಬಂದ. ಮೀಸೆಗೆ ಬಣ್ಣ ಹಚ್ಚಿ ಫೋಟೋ ತೆಗೆಸಿದ. ತೆನೆ ಬರುವ ಹೊತ್ತಿಗೆ ಅರ್ಧ ತೆನೆ ಎಲೆಯ ಒಳಗೇ ಉಳಿದು, ಸೆರಗು ಹೊದ್ದ ಸೊಸೆಯ ಹಾಗೆ ಕಂಡಿತು. ಒಳ್ಳೆ ಮನೆತನದ ಭತ್ತ, ನಾಚಿಕೆ ಜಾಸ್ತಿ ಎಂದುಕೊಂಡ.

ಮೂಕಣ್ಣನಿಗೆ ಮಾತ್ರ ಸಮಾಧಾನವಿಲ್ಲ. “ಸೌಕಾರ್ರ, ತೆನಿ ಬಗ್ಗವಲ್ಲದ್ರಿ. ಇಷ್ಟೊತ್ತಿಗೆ ಬಗ್ಗಬೇಕಾಗಿತ್ತು.”

“ಲೇ, ಬಗ್ಗೋ ಭತ್ತ ಗಾಳಿಗೆ ಬೀಳ್ತತಿ. ಇದು ಬೀಳಲಾರದ ಜಾತಿ. ಅದಕ್ಕಾ ಇದಕ್ಕ ಅಷ್ಟು ಕಿಮ್ಮತ್ತು.”

“ಹಂಗಾರ ಇಳದು ಒಂದು ಕಾಳು ಒತ್ತಿ ನೋಡ್ರಿ.”

ಹಾಲಸ್ವಾಮಿ ಕೆಸರು ನೋಡಿದ, ಹೊಸ ಚಪ್ಪಲಿ ನೋಡಿದ. “ಬಾಯಿ ಮುಚ್ಚಲೇ,” ಅಂದು ಬೈಕು ಹತ್ತಿದ.

ಕೊಯ್ಲಿಗೆ ವಾರ ಇರುವಾಗ ಕ್ಷೇತ್ರೋತ್ಸವ ಇಟ್ಟ. ಶಾಮಿಯಾನ, ಮೈಕು, ಮಂಡಾಳು ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಮನೋಹರ್ ಕೆಂಪು ಧೂಳಿನ ಕಾರಿನಲ್ಲಿ ಬಂದ. ತ್ರಿವೇಣಿ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಮುಖ್ಯ ಅತಿಥಿ ಜಂಬುನಾಥ್! ಅವನನ್ನು ಕರೆಯದಿದ್ದರೆ ಹೊಟ್ಟೆಕಿಚ್ಚು ತಣಿಯುವುದು ಹೇಗೆ? ಬಸಕ್ಕನನ್ನೂ ಕರೆಸಿದ, ಸೀರೆ ಕೊಟ್ಟು ಸನ್ಮಾನ ಮಾಡಲು. ಬೀಜದ ಮೇಲೆ ಇಂಥವರದು ಅಂತ ಹೆಸರು ಬರೆದಿರುತ್ತದೇನು? ಭತ್ತ ಬಾಯಿ ಬಿಟ್ಟು ಸಾಕ್ಷಿ ಹೇಳೀತೇ? ಮೈಕು ಹಿಡಿದು, ಹತ್ತು ವರ್ಷ ತಾನೇ ತಪಸ್ಸು ಮಾಡಿ ಈ ತಳಿ ಕಂಡುಹಿಡಿದದ್ದಾಗಿ ಹೇಳಿದ. ಚಪ್ಪಾಳೆ ಬಿತ್ತು. ಮನೋಹರ್ ಲೋಟ ಒರೆಸದೆ ಚಹಾ ಕುಡಿದದ್ದನ್ನು ಹಾಲಸ್ವಾಮಿ ತನ್ನ ಕಣ್ಣಾರೆ ಕಂಡ.

ಅಷ್ಟರಲ್ಲಿ ಬಸಕ್ಕ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದಾಗಿತ್ತು. ಒಂದು ತೆನೆ ಕಿತ್ತು ಉಗುರಿನಲ್ಲಿ ಕಾಳು ಒತ್ತಿದಳು. ಟಪ್. ಇನ್ನೊಂದು. ಟಪ್. ನಡುಗದ್ದೆಗೆ ಹೋಗಿ ಮತ್ತೊಂದು. ತೆನೆತೆನೆಯೂ ಜೊಳ್ಳು. ಜಂಬುನಾಥನೂ ಪ್ಯಾಂಟು ಮಡಚಿ ಇಳಿದ, ತಡವಾಗಿ ಬಂದ ತೆನೆಯ ಒಂದು ಹೂವು ಬಿಡಿಸಿ ಬೆಳಕಿಗೆ ಹಿಡಿದು ನೋಡಿದ, ಮೈಕಿಗೂ ಕೇಳುವಷ್ಟು ಜೋರಾಗಿ ನಕ್ಕ. “ಲೋಕದಾಗಿನ ಭತ್ತ ಎಲ್ಲಾ ತನ್ನ ಹೂವಿನ ಧೂಳಿಗೇ ತಾನು ಕಾಳು ಕಟ್ಟತೈತ್ರಿ ಸೌಕಾರ್ರ. ಇದೊಂದಕ್ಕ ಧೂಳಿಲ್ಲ, ಇಲ್ದಂಗ ಮಾಡೇ ಬೆಳೆಸಿರೋ ಹೆಣ್ಣು ಇದು. ಪಕ್ಕದ ಗಂಡು ಸಾಲಿನ ಧೂಳು ಹಗ್ಗ ಎಳದು ಹಾರಿಸಿದ್ರಷ್ಟಾ ಬಸರಾಗ್ತತಿ. ಈ ಸೀಮ್ಯಾಗ ಇಂಥ ಭತ್ತ ಇರೋದು ಒಂದಾ ಚೀಲದಾಗ.” ಮೂಕಣ್ಣ ಬಾಯಿ ಮುಚ್ಚಿಕೊಂಡೇ ನಿಂತಿದ್ದ, ಜೀವನದಲ್ಲಿ ಮೊದಲ ಸಲ. ಬಸಕ್ಕ ಬದುವಿಗೆ ಹತ್ತಿ ಬಂದು ನೆಟ್ಟಗೆ ನಿಂತ ಜೊಳ್ಳು ತೆನೆಯನ್ನು ಹಾಲಸ್ವಾಮಿಯ ಅಂಗಿ ಜೇಬಿಗೆ ಹೂವಿನ ಹಾಗೆ ಸಿಕ್ಕಿಸಿದಳು. “ಭಾಳ ಶಾಣ್ಯಾ ಐತ್ರಿ ನಿಮ್ಮ ಗಿರಣಿ ಇಲಿ. ಹೊಟ್ಟು ಉಗುಳ್ತು, ಹಿಕ್ಕಿ ಹಾಕ್ತು, ಎಲ್ಲಾ ಬರೋಬ್ಬರಿ ಮಾಡ್ತು. ಹೆಣ್ಣಿನ್ನ ಹೊತ್ಕೊಂಡು ಬಂದು, ಗಂಡಿನ್ನ ಗೋದಾಮಿನ್ಯಾಗ ಬಿಟ್ಟು ಬಂತಲ್ರಿ!”